ಗ್ರಹಾಮ್ಸ್ ಪೋರ್ಟ್, ಸಿಮಿಂಗ್ಟನ್ ಮನೆತನ: ಪದೇ ಪದೇ ಕೇಳುವ ಪ್ರಶ್ನೆಗಳು

ಪೋರ್ಚುಗಲ್ ದೇಶದ ಡೋರೊ ನದಿಯ ಕಣಿವೆಯಲ್ಲಿ 1820ರಿಂದ ನಡೆದುಬಂದಿರುವ ಗ್ರಹಾಮ್ಸ್ ಎಂಬ ಪೋರ್ಟ್ ವೈನ್ ಕಂಪನಿ, ಅದನ್ನು ಈಗ ನಡೆಸುತ್ತಿರುವ ಸಿಮಿಂಗ್ಟನ್ ಕುಟುಂಬ, ಅವರ ವೈನ್‌ಗಳು: ಇವುಗಳ ಬಗ್ಗೆ ಜನ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

ಪೋರ್ಟ್ ಅಂದರೆ ಏನು? ಮಾಮೂಲಿ ವೈನ್‌ಗೂ ಅದಕ್ಕೂ ಏನು ವ್ಯತ್ಯಾಸ?

ಮಾಮೂಲಿ ವೈನ್‌ನಲ್ಲಿ ದ್ರಾಕ್ಷಿ ರಸದ ಸಕ್ಕರೆಯನ್ನು ಯೀಸ್ಟ್ ಪೂರ್ತಿ ತಿಂದು ಆಲ್ಕೋಹಾಲ್ ಮಾಡುತ್ತದೆ. ಪೋರ್ಟ್‌ನಲ್ಲಿ ಈ ಕೆಲಸವನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ. ರಸ ಹುದುಗಲು ಶುರುವಾಗಿ ಎರಡು ಮೂರು ದಿನವೂ ಆಗಿರುವುದಿಲ್ಲ, ಆಗಲೇ ಅದಕ್ಕೆ ಶೇ. 77ರಷ್ಟು ಆಲ್ಕೋಹಾಲ್ ಇರುವ ದ್ರಾಕ್ಷಿ ಸ್ಪಿರಿಟ್ ಸುರಿಯುತ್ತಾರೆ. ಸುಮಾರು ನಾಲ್ಕು ಪಾಲು ರಸಕ್ಕೆ ಒಂದು ಪಾಲು ಸ್ಪಿರಿಟ್. ಯೀಸ್ಟ್ ಅಲ್ಲೇ ಸಾಯುತ್ತದೆ, ಉಳಿದ ಸಕ್ಕರೆ ಹಾಗೇ ಉಳಿಯುತ್ತದೆ. ಹಾಗಾಗಿ ಪೋರ್ಟ್ ಸಿಹಿಯೂ ಹೌದು, ಖಡಕ್ಕೂ ಹೌದು. ಸಾಮಾನ್ಯವಾಗಿ ಶೇ. 19ರಿಂದ 22ರಷ್ಟು ಆಲ್ಕೋಹಾಲ್ ಇರುತ್ತದೆ. ಸಕ್ಕರೆ ಹೊರಗಿನಿಂದ ಹಾಕಿದ್ದಲ್ಲ, ದ್ರಾಕ್ಷಿಯದ್ದೇ.

ಹಾಗಾದರೆ ಗೋವಾದಲ್ಲಿ ಸಿಗುವ ಪೋರ್ಟ್ ವೈನ್?

ಅದು ಬೇರೆ. ಗೋವಾ 1961ರ ತನಕ ಪೋರ್ಚುಗೀಸರ ಕೈಯಲ್ಲಿತ್ತು, ಹಾಗಾಗಿ ಹೆಸರು ಉಳಿದುಕೊಂಡಿದೆ. ಭಾರತದಲ್ಲಿ ಪೋರ್ಟ್ ಹೆಸರಲ್ಲಿ ಬರುವ ಅಗ್ಗದ ಸಿಹಿ ವೈನ್‌ಗೆ ಬಹಳ ಕಾಲದಿಂದ ಬಳಕೆಯಾಗುವುದು ಬೆಂಗಳೂರು ಬ್ಲೂ ದ್ರಾಕ್ಷಿ. ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆ ಬೆಳೆಯುವ, ಬಾಯಿಗೆ ಹಾಕಿಕೊಂಡರೆ ಸಿಪ್ಪೆ ಬೇರೆ ತಿರುಳು ಬೇರೆ ಆಗುವ ಅದೇ ಕಪ್ಪು ದ್ರಾಕ್ಷಿ. ಅದಕ್ಕೆ 2013ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆಯೂ ಸಿಕ್ಕಿದೆ. ಒಳ್ಳೆಯ ದ್ರಾಕ್ಷಿಯೇ, ಆದರೆ ಅದರ ಘಮ ಬೇರೆ, ಜಾತಿಯೂ ಬೇರೆ. ಡೋರೊ ಕಣಿವೆಯ ಗಡಿಯೊಳಗೆ ಬೆಳೆದ ದ್ರಾಕ್ಷಿಯಿಂದ, ಅಲ್ಲಿನ ನಿಯಮದ ಪ್ರಕಾರ ಮಾಡಿದ್ದು ಮಾತ್ರ ಪೋರ್ಟ್ ಎಂದು ಯುರೋಪಿನ ಕಾನೂನು ಹೇಳುತ್ತದೆ.

ಗ್ರಹಾಮ್ಸ್ ಶುರುವಾಗಿದ್ದು ಹೇಗೆ?

ಬಾರದ ಸಾಲದಿಂದ. ವಿಲಿಯಂ ಗ್ರಹಾಂ, ಜಾನ್ ಗ್ರಹಾಂ ಎಂಬ ಅಣ್ಣತಮ್ಮಂದಿರು ಸ್ಕಾಟ್ಲೆಂಡಿನ ಗ್ಲಾಸ್ಗೋ ಊರಿನ ಬಟ್ಟೆ ವ್ಯಾಪಾರಿಗಳ ಮನೆಯವರು. ಪೋರ್ಟೊ ನಗರದಲ್ಲಿ ಅವರದ್ದೊಂದು ಕಚೇರಿ ಇತ್ತು. 1820ರಲ್ಲಿ ಅಲ್ಲಿ ಯಾರೋ ಹಣ ಕೊಡಲಾಗದೆ, ಅದರ ಬದಲು 27 ದೊಡ್ಡ ಪೀಪಾಯಿ ಪೋರ್ಟ್ ಕೊಟ್ಟರು. ಒಂದೊಂದು ಪೀಪಾಯಿ ಅಂದರೆ ಸುಮಾರು 550 ಲೀಟರ್. ಬಟ್ಟೆ ಮಾರುವವರಿಗೆ ಅಷ್ಟು ವೈನ್ ಯಾಕೆ ಬೇಕು? ಗ್ಲಾಸ್ಗೋಗೆ ಕಳಿಸಿದರು. ಅಲ್ಲಿ ಜನ ಮೆಚ್ಚಿ ಇನ್ನೂ ಬೇಕು ಅಂದರು. ಬಟ್ಟೆಯ ಜೊತೆ ವೈನೂ ವ್ಯಾಪಾರವಾಯಿತು.

ನಮಗೆ ಇಲ್ಲೊಂದು ನಂಟಿದೆ. ಇದೇ ಗ್ರಹಾಂ ಮನೆತನಕ್ಕೆ ಭಾರತದ ಜೊತೆಗೂ ಬಟ್ಟೆಯ ವ್ಯಾಪಾರವಿತ್ತು, ಮುಂಬೈಯಲ್ಲಿ ಅವರ ಹೆಸರಿನ ಕಂಪನಿ ಇತ್ತು. ಪೋರ್ಟ್ ಅವರಿಗೆ ಹಲವು ಧಂದೆಗಳಲ್ಲಿ ಒಂದಾಗಿತ್ತು ಅಷ್ಟೇ.

ಈಗಲೂ ಗ್ರಹಾಂ ಮನೆತನದವರೇ ನಡೆಸುತ್ತಾರಾ?

ಇಲ್ಲ. 1970ರಲ್ಲಿ ಗ್ರಹಾಮ್ಸ್ ಕಂಪನಿಯನ್ನು ಸಿಮಿಂಗ್ಟನ್ ಕುಟುಂಬ ಕೊಂಡುಕೊಂಡಿತು. ನಮ್ಮೂರಿನ ಹಳೇ ಹೋಟೆಲಿಗೆ ಬೋರ್ಡು ಹಾಗೇ ಇದ್ದು ಗಲ್ಲಾದಲ್ಲಿ ಕೂರುವವರು ಬೇರೆ ಆಗಿರುತ್ತಾರಲ್ಲ, ಹಾಗೆ. ವ್ಯತ್ಯಾಸ ಏನೆಂದರೆ ಕೊಂಡವರ ಅಜ್ಜನೇ ಒಂದು ಕಾಲಕ್ಕೆ ಈ ಹೋಟೆಲಿನಲ್ಲಿ ಕೆಲಸಕ್ಕಿದ್ದ.

ಇನ್ನೊಂದು ಸ್ವಾರಸ್ಯ. ಹಳೆಯ ಗ್ರಹಾಂ ಮನೆತನದ ಜಾನ್ ಗ್ರಹಾಂ 1981ರಲ್ಲಿ ತಮ್ಮದೇ ಹೊಸ ಪೋರ್ಟ್ ಕಂಪನಿ ಶುರು ಮಾಡಿದರು. ತಮ್ಮ ಮನೆಯ ಹೆಸರು ಆಗಲೇ ಮಾರಾಟವಾಗಿತ್ತಲ್ಲ. ಹಾಗಾಗಿ ಹೆಂಡತಿಯ ತವರಿನ ಹೆಸರನ್ನು ಇಟ್ಟರು: ಚರ್ಚಿಲ್ಸ್.

ಸಿಮಿಂಗ್ಟನ್ ಅಂದರೆ ಯಾರು?

ಆಂಡ್ರ್ಯೂ ಜೇಮ್ಸ್ ಸಿಮಿಂಗ್ಟನ್ 1882ರಲ್ಲಿ ಸ್ಕಾಟ್ಲೆಂಡಿನಿಂದ ಪೋರ್ಟೊಗೆ ಬಂದರು. ಆಗಿನ್ನೂ ಇಪ್ಪತ್ತು ತುಂಬದ ಹುಡುಗ. ಬಂದಿದ್ದು ಗ್ರಹಾಂ ಅವರ ಕಂಪನಿಯ ಕೆಲಸಕ್ಕೆ. ಕೆಲವೇ ವರ್ಷಗಳಲ್ಲಿ ಆ ಕೆಲಸ ಬಿಟ್ಟು ವೈನ್ ವ್ಯಾಪಾರದಲ್ಲಿ ಸ್ವಂತ ದಾರಿ ಹಿಡಿದರು. 1891ರಲ್ಲಿ ಬಿಯಾಟ್ರಿಸ್ ಅಟ್ಕಿನ್ಸನ್ ಅವರನ್ನು ಮದುವೆಯಾದರು. ಆಕೆ ಇಂಗ್ಲಿಷ್-ಪೋರ್ಚುಗೀಸ್ ಮನೆತನದವರು. ಆಕೆಯ ಪೂರ್ವಿಕರಲ್ಲೊಬ್ಬರಾದ ವಾಲ್ಟರ್ ಮೇನಾರ್ಡ್ 1652ರಲ್ಲೇ ಪೋರ್ಟೊದಿಂದ ವೈನ್ ಕಳಿಸಿದವರು. ತಮ್ಮದು 14 ತಲೆಮಾರಿನ ಪೋರ್ಟ್ ಮನೆ ಎಂದು ಸಿಮಿಂಗ್ಟನ್‌ಗಳು ಹೇಳಿಕೊಳ್ಳುವುದು ಈ ತಾಯಿ ಕಡೆಯ ಲೆಕ್ಕದಿಂದ. ತಂದೆ ಕಡೆಯಿಂದ ನೋಡಿದರೆ ಈಗ ಐದನೇ ತಲೆಮಾರು.

ಆಂಡ್ರ್ಯೂ 1905ರಲ್ಲಿ ವಾರೆ ಕಂಪನಿಗೆ ಪಾಲುದಾರರಾದರು. ಅದು 1670ರ ಕಾಲದ್ದು, ಪೋರ್ಟ್‌ನ ಬ್ರಿಟಿಷ್ ಕಂಪನಿಗಳಲ್ಲೇ ಹಳೆಯದು. 1912ರಲ್ಲಿ ಡೌಸ್ ಕಂಪನಿಯಲ್ಲೂ ಪಾಲು ಬಂತು. ಆಮೇಲಿನ ತಲೆಮಾರುಗಳು 1970ರಲ್ಲಿ ಗ್ರಹಾಮ್ಸ್, 1989ರಲ್ಲಿ ವೆಸೂವಿಯೊ ತೋಟ, 2010ರಲ್ಲಿ ಕಾಕ್‌ಬರ್ನ್ಸ್ ಬ್ರ್ಯಾಂಡ್ ಸೇರಿಸಿದವು. ಇವತ್ತು ಡೋರೊ ಕಣಿವೆಯಲ್ಲಿ ಅತಿ ಹೆಚ್ಚು ದ್ರಾಕ್ಷಿ ತೋಟ ಇರುವುದು ಈ ಕುಟುಂಬಕ್ಕೆ.

ಕುಟುಂಬದ ಕಂಪನಿ ಆದರೆ ಕುಡಿಯುವವರಿಗೇನು? ಸುಮ್ನೆ ಜಾಹೀರಾತಿನ ಮಾತಲ್ವಾ?

ಬೇರೆ ವಸ್ತುಗಳಲ್ಲಾದರೆ ಬಹುಪಾಲು ಹೌದು. ಪೋರ್ಟ್‌ನಲ್ಲಿ ಸ್ವಲ್ಪ ಅರ್ಥ ಇದೆ ಎಂದು ನನ್ನ ಅಭಿಪ್ರಾಯ. ಕಾರಣ ಹಣದ ಲೆಕ್ಕ.

ಪೋರ್ಟ್ ವ್ಯಾಪಾರದಲ್ಲಿ ಮೂರನೇ ಒಂದು ಪಾಲಿನ ನಿಯಮ ಎಂಬುದೊಂದಿದೆ. ಒಂದು ಕಂಪನಿ ತನ್ನ ದಾಸ್ತಾನಿನಲ್ಲಿ ವರ್ಷಕ್ಕೆ ಮೂರನೇ ಒಂದು ಪಾಲಿಗಿಂತ ಜಾಸ್ತಿ ಮಾರುವಂತಿಲ್ಲ. ಅಂದರೆ ಬಂಡವಾಳದ ದೊಡ್ಡ ಭಾಗ ಸದಾ ಪೀಪಾಯಿಯಲ್ಲೇ ಕೂತಿರುತ್ತದೆ. ಪೀಪಾಯಿಯಲ್ಲೇ ವಯಸ್ಸಾದ 40 ವರ್ಷದ ಟಾನಿ ಪೋರ್ಟ್ ಮಾರಬೇಕಾದರೆ ಅಪ್ಪನೋ ಅಜ್ಜನೋ ಅದನ್ನು ಮಾರದೆ ಬಿಟ್ಟಿರಬೇಕು. ಮೂರು ತಿಂಗಳಿಗೊಮ್ಮೆ ಷೇರುದಾರರಿಗೆ ಲಾಭ ತೋರಿಸಬೇಕಾದ ಕಂಪನಿಗೆ ಇದು ಕಷ್ಟ. ಮನೆಯವರೇ ಮಾಲೀಕರಾದರೆ ಬೇಡ ಅನ್ನುವ ಅಧಿಕಾರ ಅವರದ್ದೇ. ಒಂದೇ ಒಳ್ಳೆಯ ವರ್ಷದ ದ್ರಾಕ್ಷಿಯಿಂದ ಮಾಡುವ ವಿಂಟೇಜ್ ಪೋರ್ಟ್‌ನ ಹೆಸರು ನಿಂತಿರುವುದು ಏನು ಮಾರಿದರು ಎನ್ನುವುದಕ್ಕಿಂತ, ಏನು ಮಾರಲಿಲ್ಲ ಎನ್ನುವುದರ ಮೇಲೆ.

ಕುಟುಂಬ ಅಂದಾಕ್ಷಣ ಎಲ್ಲಾ ಚೆನ್ನ ಎಂದಲ್ಲ. ಕ್ವಿಂಟಾ ಡೊ ನೋವಾಲ್ ಎಂಬ ಪ್ರಸಿದ್ಧ ತೋಟ ಒಂದು ವಿಮಾ ಕಂಪನಿಯದ್ದು, ಅದರ ವೈನ್‌ಗೆ ಯಾರೂ ಬೆರಳು ತೋರಿಸುವುದಿಲ್ಲ. ತಾಳ್ಮೆ ಇರುವ ಮಾಲೀಕ ಬೇಕು. ಆ ತಾಳ್ಮೆ ಕುಟುಂಬಗಳಲ್ಲಿ ಸಿಗುವ ಸಾಧ್ಯತೆ ಜಾಸ್ತಿ, ಅಷ್ಟೇ.

ವಿಂಟೇಜ್ ‘ಡಿಕ್ಲೇರ್’ ಮಾಡುವುದು ಅಂದರೇನು?

ಪ್ರತಿ ವರ್ಷ ದ್ರಾಕ್ಷಿ ಕೊಯ್ಯುತ್ತಾರೆ, ಪ್ರತಿ ವರ್ಷ ಪೋರ್ಟ್ ಮಾಡುತ್ತಾರೆ. ಆದರೆ ಕಂಪನಿಯ ಮುಖ್ಯ ಹೆಸರಿನಲ್ಲಿ ವಿಂಟೇಜ್ ಪೋರ್ಟ್ ಬರುವುದು ಹತ್ತು ವರ್ಷಕ್ಕೆ ಸುಮಾರು ಮೂರು ಸಲ. ಕೊಯ್ಲಾದ ಮೇಲೆ ಒಂದೂವರೆ ವರ್ಷ ವೈನನ್ನು ಮತ್ತೆ ಮತ್ತೆ ರುಚಿ ನೋಡುತ್ತಾರೆ. ಈ ವರ್ಷದ್ದು ನಿಜಕ್ಕೂ ದೊಡ್ಡ ವೈನ್ ಅನ್ನಿಸಿದರೆ ಪೋರ್ಟ್ ನಿಯಂತ್ರಣ ಸಂಸ್ಥೆಗೆ ಮಾದರಿ ಕಳಿಸುತ್ತಾರೆ. ಅಲ್ಲಿನ ರುಚಿಗಾರರು ಒಪ್ಪಬೇಕು. ಒಪ್ಪಿದರೆ ಕಂಪನಿ ಈ ವರ್ಷದ್ದು ವಿಂಟೇಜ್ ಎಂದು ಸಾರುತ್ತದೆ, ಅದೇ ಡಿಕ್ಲೇರ್ ಮಾಡುವುದು. ಕೊಯ್ಲಿನ ನಂತರದ ಎರಡನೇ ಅಥವಾ ಮೂರನೇ ವರ್ಷದಲ್ಲಿ ಬಾಟಲಿಗೆ ಹಾಕುತ್ತಾರೆ. ಆಮೇಲೆ ಅದು ಬೆಳೆಯುವುದು ಬಾಟಲಿಯಲ್ಲೇ.

ಗ್ರಹಾಮ್ಸ್‌ನ ಹೆಸರಾಂತ ವರ್ಷಗಳಲ್ಲಿ 1945, 1948, 1955, 1963, 1970, 1977, 1985, 1994, 2000, 2011 ಸೇರುತ್ತವೆ. 2016 ಮತ್ತು 2017 ಎರಡನ್ನೂ ಬೆನ್ನುಬೆನ್ನಿಗೆ ಡಿಕ್ಲೇರ್ ಮಾಡಿದ್ದು ದೊಡ್ಡ ಸುದ್ದಿಯಾಯಿತು. ಅಂಥದ್ದು ನಡೆಯುವುದೇ ಅಪರೂಪ. 2017ರಲ್ಲಿ ಮಳೆ ತೀರಾ ಕಡಿಮೆ, ಕೊಯ್ಲು ಆಗಸ್ಟ್ ಕೊನೆಗೇ ಶುರುವಾಗಿತ್ತು.

ಡಿಕ್ಲೇರ್ ಮಾಡದ ಆದರೂ ಚೆನ್ನಾಗಿರುವ ವರ್ಷಗಳಲ್ಲಿ ಮಾಲ್ವೆಡೋಸ್ ಎಂಬ ಒಂದೇ ತೋಟದ ಹೆಸರಿನಲ್ಲಿ ವಿಂಟೇಜ್ ತರುತ್ತಾರೆ. ಬೆಲೆ ಕಡಿಮೆ, ಬೇಗ ಕುಡಿಯಲೂ ಬರುತ್ತದೆ. ಜಾಣ ಗಿರಾಕಿಗಳ ಕಣ್ಣಿರುವುದು ಇದರ ಮೇಲೆ.

ಎಲ್ಲಾ ಕಂಪನಿಗಳೂ ಒಂದೇ ವರ್ಷವನ್ನು ಆರಿಸುತ್ತವಾ?

ಬಹಳ ಸಲ ಹೌದು, ಆದರೆ ಕಟ್ಟುಪಾಡೇನಿಲ್ಲ. ಸಿಮಿಂಗ್ಟನ್‌ಗಳು 1991 ಆರಿಸಿಕೊಂಡರು. ಟೇಲರ್ಸ್ ಮತ್ತು ಫೊನ್ಸೆಕಾ 1992ಕ್ಕೆ ಕಾದವು. 1992 ಟೇಲರ್ಸ್‌ಗೆ 300 ವರ್ಷ ತುಂಬಿದ ವರ್ಷವೂ ಆಗಿತ್ತು!

ರುಚಿ ಒಂದೇ ಕಾರಣ ಅಲ್ಲ ಎನ್ನುವುದಕ್ಕೆ 1931 ನೋಡಿ. ವೈನ್ ಅದ್ಭುತವಾಗಿತ್ತು. ಆದರೆ ಜಗತ್ತಿನಲ್ಲಿ ಆರ್ಥಿಕ ಕುಸಿತ, 1927ರ ವಿಂಟೇಜ್ ಇನ್ನೂ ಗೋದಾಮುಗಳಲ್ಲಿ ತುಂಬಿತ್ತು. ಹೆಚ್ಚಿನ ಬ್ರಿಟಿಷ್ ಕಂಪನಿಗಳು ಸುಮ್ಮನಾದವು. ನೋವಾಲ್ ಧೈರ್ಯ ಮಾಡಿತು. ಆ ವರ್ಷದ ಅವರ ನ್ಯಾಸಿಯೊನಾಲ್ ಎಂಬ ವಿಶೇಷ ವಿಂಟೇಜ್ ಇಪ್ಪತ್ತನೇ ಶತಮಾನದ ಅತಿ ದೊಡ್ಡ ಪೋರ್ಟ್‌ಗಳ ಸಾಲಿಗೆ ಸೇರಿತು.

ಡೋರೊ ತೋಟಗಳು ಹೇಗಿರುತ್ತವೆ?

ಕಡಿದಾದ ಗುಡ್ಡ, ಅದರ ತುಂಬಾ ಮೆಟ್ಟಿಲು ಮೆಟ್ಟಿಲಾಗಿ ಕಲ್ಲುಕಟ್ಟೆ ಕಟ್ಟಿ ಮಾಡಿದ ತೋಟ. ಮಣ್ಣು ಅನ್ನುವಂಥದ್ದು ಕಡಿಮೆ. ಪದರ ಪದರವಾಗಿ ಏಳುವ ಶಿಸ್ಟ್ ಕಲ್ಲು. ಹಿಂದಿನವರು ಅದನ್ನು ಒಡೆದು, ಅದೇ ಕಲ್ಲಿನಿಂದ ಗಾರೆ ಇಲ್ಲದೆ ಗೋಡೆ ಕಟ್ಟಿ, ಉಳಿದ ಪುಡಿಯಲ್ಲಿ ಬಳ್ಳಿ ನೆಟ್ಟರು. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಬೇರು ಕಲ್ಲಿನ ಸಂದಿಯಲ್ಲಿ ಮೀಟರುಗಟ್ಟಲೆ ಕೆಳಗೆ ಇಳಿದು ನೀರು ಹುಡುಕುತ್ತದೆ. ಒಂದು ಬಳ್ಳಿಗೆ ಎರಡು ಕೆಜಿ ದ್ರಾಕ್ಷಿ ಬಂದರೆ ಜಾಸ್ತಿಯೇ. 19ನೇ ಶತಮಾನದ ಎರಡನೇ ಅರ್ಧದಲ್ಲಿ ಫಿಲಾಕ್ಸೆರಾ ಎಂಬ ಬೇರುಹುಳ ಈ ಕಣಿವೆಯನ್ನು ನುಂಗಿ ಹಾಕಿತು. ಆಗ ಪಾಳು ಬಿದ್ದ ಕಟ್ಟೆಗಳು ಇವತ್ತೂ ಗುಡ್ಡದ ಮೇಲೆ ಕಾಣುತ್ತವೆ. ಈ ಇಡೀ ನೋಟಕ್ಕೆ 2001ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು.

ಗ್ರಹಾಮ್ಸ್‌ನ ಮೂಲ ತೋಟ ಮಾಲ್ವೆಡೋಸ್. ಟುವಾ ನದಿ ಡೋರೊಗೆ ಸೇರುವ ಜಾಗದ ಹತ್ತಿರ, ಬಿಸಿಲಿಗೆ ಮುಖ ಮಾಡಿದ ದಡದಲ್ಲಿದೆ. 1890ರಲ್ಲಿ ಗ್ರಹಾಂ ಮನೆತನ ಇದನ್ನು ಕೊಂಡಾಗ ಬೇರೆ ಪೋರ್ಟ್ ವ್ಯಾಪಾರಿಗಳಲ್ಲಿ ಸ್ವಂತ ತೋಟ ಇದ್ದವರು ಬೆರಳೆಣಿಕೆಯಷ್ಟು. ಇತರರು ರೈತರಿಂದ ವೈನ್ ಕೊಂಡು ಮಾರುತ್ತಿದ್ದರು.

ಯಾವ ಜಾತಿಯ ದ್ರಾಕ್ಷಿ?

ಟೂರಿಗಾ ನ್ಯಾಸಿಯೊನಾಲ್, ಟೂರಿಗಾ ಫ್ರಾಂಕಾ, ಟಿಂಟಾ ರೋರಿಜ್, ಟಿಂಟಾ ಬರೋಕಾ, ಸೋಸಾವ್ ಮುಖ್ಯ. ಹಳೆಯ ತೋಟಗಳಲ್ಲಿ ಹತ್ತಾರು ಜಾತಿ ಒಂದರ ಪಕ್ಕ ಒಂದು ಬೆರೆತು ಬೆಳೆದಿರುತ್ತವೆ. ಎಲ್ಲವನ್ನೂ ಒಟ್ಟಿಗೆ ಕೊಯ್ದು ಒಟ್ಟಿಗೇ ತುಳಿಯುತ್ತಾರೆ.

ಕಾಲಿನಲ್ಲಿ ತುಳಿಯುತ್ತಾರಂತೆ, ಇವತ್ತಿಗೂ ನಿಜವಾ?

ನಿಜ. ಆದರೆ ಎಲ್ಲ ಕಡೆ ಅಲ್ಲ. ಹುದುಗುವ ಸಮಯ ಎರಡೇ ದಿನ. ಅಷ್ಟರಲ್ಲಿ ಸಿಪ್ಪೆಯಿಂದ ಬಣ್ಣ, ಒಗರು, ಸುವಾಸನೆ ಎಲ್ಲಾ ಹೊರಗೆ ಬರಬೇಕು. ಬೀಜ ಮಾತ್ರ ಒಡೆಯಬಾರದು, ಒಡೆದರೆ ಕಹಿ. ಇದಕ್ಕೆ ಮನುಷ್ಯರ ಪಾದಕ್ಕಿಂತ ಒಳ್ಳೆಯ ಉಪಕರಣ ನೂರಾರು ವರ್ಷ ಯಾರಿಗೂ ಸಿಗಲಿಲ್ಲ.

ಮೊಣಕಾಲು ಮುಳುಗುವಷ್ಟು ಆಳದ ಗ್ರಾನೈಟ್ ತೊಟ್ಟಿ, ಅದಕ್ಕೆ ಲಗಾರ್ ಎನ್ನುತ್ತಾರೆ. ಸಂಜೆ ಕೆಲಸಗಾರರು ಹೆಗಲ ಮೇಲೆ ಕೈ ಹಾಕಿ ಸಾಲಾಗಿ ಇಳಿಯುತ್ತಾರೆ. ಮೊದಲ ಎರಡು ಗಂಟೆ ಶಿಸ್ತು. ಒಬ್ಬರು ಎಡ, ಬಲ ಎಂದು ಕೂಗುತ್ತಾರೆ, ಎಲ್ಲರೂ ಒಟ್ಟಿಗೆ ಇಂಚಿಂಚೇ ಮುಂದೆ ಹೋಗುತ್ತಾರೆ. ಹಾಡಿಲ್ಲ, ಕುಣಿತವಿಲ್ಲ. ಅದು ಮುಗಿದ ಮೇಲೆ ‘ಲಿಬೆರ್ದಾದ್’, ಅಂದರೆ ಬಿಡುಗಡೆ. ಅಕಾರ್ಡಿಯನ್ ಬರುತ್ತದೆ, ಡೋಲು ಬರುತ್ತದೆ, ತೊಟ್ಟಿಯಲ್ಲೇ ಕುಣಿತ. ಪ್ರವಾಸಿಗರ ಫೋಟೊಗಳಲ್ಲಿ ಕಾಣುವುದು ಈ ಎರಡನೇ ಭಾಗ. ವೈನ್ ಮಾಡುವುದು ಹೆಚ್ಚಾಗಿ ಮೊದಲನೆಯ ಭಾಗ.

ಹಳ್ಳಿಗಳಿಂದ ಯುವಕರು ನಗರಕ್ಕೆ, ಫ್ರಾನ್ಸಿಗೆ ಹೋದ ಮೇಲೆ ತುಳಿಯಲು ಜನ ಸಿಗುವುದು ಕಷ್ಟವಾಯಿತು. 1990ರ ದಶಕದ ಕೊನೆಗೆ ಸಿಮಿಂಗ್ಟನ್‌ಗಳು ಯಂತ್ರದ ಲಗಾರ್ ರೂಪಿಸಿ ಮಾಲ್ವೆಡೋಸ್‌ನಲ್ಲಿ ಕೂರಿಸಿದರು. ಸ್ಟೀಲ್ ತೊಟ್ಟಿ, ಮೇಲಿನಿಂದ ಇಳಿಯುವ ಸಿಲಿಕೋನ್ ಪಾದಗಳು, ಶಾಖವೂ ಹೆಚ್ಚು ಕಮ್ಮಿ ಪಾದದಷ್ಟೇ. ಕುಟುಂಬದ ವೈನ್ ತಯಾರಕರಾಗಿದ್ದ ಪೀಟರ್ ಸಿಮಿಂಗ್ಟನ್ ಮತ್ತು ಅವರ ಮಗ ಚಾರ್ಲ್ಸ್ ಕಾಲದ ಕೆಲಸ ಇದು. ಅದೇ ಕುಟುಂಬದ ವೆಸೂವಿಯೊ ತೋಟದಲ್ಲಿ ಮಾತ್ರ 1827ರ ಗ್ರಾನೈಟ್ ತೊಟ್ಟಿಗಳಲ್ಲಿ ಇಂದಿಗೂ ಮನುಷ್ಯರೇ ತುಳಿಯುತ್ತಾರೆ. ಎರಡನ್ನೂ ಇಟ್ಟುಕೊಂಡಿದ್ದು ಒಳ್ಳೆಯದೇ ಆಯಿತು. ಯಂತ್ರವನ್ನು ಅಳೆಯಲು ಪಾದ ಪಕ್ಕದಲ್ಲೇ ಇದೆ.

ಸ್ವಚ್ಛತೆ ಬಗ್ಗೆ ಕೇಳುವವರಿಗೆ: ಕಾಲು ತೊಳೆದೇ ಇಳಿಯುತ್ತಾರೆ. ಆಮೇಲೆ ಸುರಿಯುವ ಶೇ. 77ರ ಸ್ಪಿರಿಟ್ ಉಳಿದದ್ದನ್ನು ನೋಡಿಕೊಳ್ಳುತ್ತದೆ.

ತೋಟ ಕಣಿವೆಯಲ್ಲಿ, ಗೋದಾಮು ಗಾಯಾದಲ್ಲಿ. ಯಾಕೆ?

ತಂಪಿಗೆ. ಕಣಿವೆಯ ಬೇಸಿಗೆ ಪೀಪಾಯಿಯಲ್ಲಿರುವ ವೈನನ್ನು ಬೇಗ ಮುದಿ ಮಾಡುತ್ತದೆ. ಸಮುದ್ರದ ಹತ್ತಿರ, ಪೋರ್ಟೊ ನಗರದ ಎದುರು ದಡದ ವಿಲಾ ನೋವಾ ಡಿ ಗಾಯಾದಲ್ಲಿ ಗಾಳಿ ತಂಪು, ತೇವ ಜಾಸ್ತಿ. ಹಡಗು ಹತ್ತಿಸಲೂ ಅನುಕೂಲ. ಹಿಂದೆ ರಬೆಲೊ ಎಂಬ ಚಪ್ಪಟೆ ತಳದ ದೋಣಿಗಳಲ್ಲಿ ಪೀಪಾಯಿಗಳು ಬರುತ್ತಿದ್ದವು. ಆಗ ಡೋರೊ ಈಗಿನ ಹಾಗೆ ಸಾಧು ನದಿ ಅಲ್ಲ. ಕಣಿವೆಯ ನಕ್ಷೆ ಬರೆದ ಜೋಸೆಫ್ ಜೇಮ್ಸ್ ಫಾರೆಸ್ಟರ್ 1861ರಲ್ಲಿ ವಲೇರಾ ಎಂಬಲ್ಲಿ ದೋಣಿ ಮಗುಚಿ ಮುಳುಗಿ ಸತ್ತರು. ಅದೇ ದೋಣಿಯಲ್ಲಿದ್ದ, ಡೋರೊದ ದೊಡ್ಡ ತೋಟಗಳ ಒಡತಿ ಡೋನಾ ಅಂಟೋನಿಯಾ ಫೆರೇರಾ ಬದುಕಿ ಬಂದರು. ಆಕೆಯ ಅಗಲವಾದ ಲಂಗ ನೀರಲ್ಲಿ ಉಬ್ಬಿ ತೇಲಿಸಿತಂತೆ. ಕತೆ ಇರಬಹುದು, ಆದರೆ ಪೋರ್ಟೊದಲ್ಲಿ ಎಲ್ಲರೂ ಹೇಳುತ್ತಾರೆ. ಆಮೇಲೆ ರೈಲು ಬಂತು, ಅಣೆಕಟ್ಟು ಬಂತು, ಈಗ ಟ್ಯಾಂಕರ್ ಲಾರಿ.

ಪೋರ್ಚುಗಲ್ ವೈನ್‌ಗೆ ಇಷ್ಟೊಂದು ಬ್ರಿಟಿಷ್ ಹೆಸರು ಯಾಕೆ?

ಇಂಗ್ಲೆಂಡಿಗೂ ಫ್ರಾನ್ಸಿಗೂ ಜಗಳ ಇತ್ತು, ಫ್ರೆಂಚ್ ವೈನ್ ಸಿಗುತ್ತಿರಲಿಲ್ಲ. 1703ರ ಮೆಥ್ಯೂಯೆನ್ ಒಪ್ಪಂದದಲ್ಲಿ ಇಂಗ್ಲಿಷ್ ಉಣ್ಣೆ ಬಟ್ಟೆಗೆ ಪೋರ್ಚುಗಲ್ ಬಾಗಿಲು ತೆರೆಯಿತು. ಬದಲಿಗೆ ಪೋರ್ಚುಗಲ್ ವೈನ್‌ಗೆ ಫ್ರೆಂಚ್ ವೈನ್‌ಗಿಂತ ಮೂರನೇ ಒಂದು ಪಾಲು ಕಡಿಮೆ ಸುಂಕ. ಬಟ್ಟೆ ವ್ಯಾಪಾರಿಗಳು ವೈನ್ ವ್ಯಾಪಾರಿಗಳಾಗಿದ್ದು ಹೀಗೆ.

ಲಾಭ ಬಂದ ಕಡೆ ಕಲಬೆರಕೆಯೂ ಬರುತ್ತದೆ. ಬಣ್ಣಕ್ಕೆ ಎಲ್ಡರ್‌ಬೆರಿ ಹಣ್ಣಿನ ರಸ ಬೆರೆಸುತ್ತಿದ್ದರು. ಪೋರ್ಚುಗಲ್‌ನ ಪ್ರಬಲ ಮಂತ್ರಿ, ಆಮೇಲೆ ಮಾರ್ಕ್ವಿಸ್ ಆಫ್ ಪೊಂಬಾಲ್ ಎಂದು ಹೆಸರಾದವರು, 1756ರಲ್ಲಿ ಒಂದು ಸರ್ಕಾರಿ ಕಂಪನಿ ಮಾಡಿ, ಪೋರ್ಟ್ ಎಲ್ಲಿ ಬೆಳೆಯಬೇಕು ಎಂದು ಗಡಿ ಗುರುತಿಸಿದರು. 335 ಗ್ರಾನೈಟ್ ಕಂಬಗಳನ್ನು ನೆಡಿಸಿದರು. ಕಣಿವೆಯ ಎಲ್ಡರ್‌ಬೆರಿ ಗಿಡಗಳನ್ನೇ ಕೀಳಿಸಿದರು. ಬ್ರಿಟಿಷ್ ವ್ಯಾಪಾರಿಗಳಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ.

ಪೋರ್ಟೊ ಬೀದಿಯಲ್ಲಿ ಅವರ ಫ್ಯಾಕ್ಟರಿ ಹೌಸ್ ಇವತ್ತೂ ಇದೆ, 1790ರ ಹೊತ್ತಿಗೆ ಕಟ್ಟಿ ಮುಗಿದದ್ದು. ಒಳಗೆ ಯಂತ್ರ ಏನೂ ಇಲ್ಲ. ಕಾರವಾರದಲ್ಲಿ 1638ರಲ್ಲಿ ಇಂಗ್ಲಿಷರು ಕಾಳುಮೆಣಸಿಗಾಗಿ ತೆರೆದಂಥ ವ್ಯಾಪಾರದ ಕೋಠಿಗಳ ಜಾತಿಯದ್ದು. ಅಲ್ಲಿ ಅಕ್ಕಪಕ್ಕ ಎರಡು ಊಟದ ಕೋಣೆಗಳಿವೆ. ಒಂದರಲ್ಲಿ ಊಟ ಮಾಡಿ, ಪೋರ್ಟ್ ಕುಡಿಯಲು ಎದ್ದು ಇನ್ನೊಂದಕ್ಕೆ ಹೋಗುತ್ತಾರೆ. ಊಟದ ವಾಸನೆ ಪೋರ್ಟ್‌ಗೆ ಅಡ್ಡ ಬರಬಾರದಂತೆ.

ರೂಬಿ, ಎಲ್‌ಬಿವಿ, ಟಾನಿ, ವಿಂಟೇಜ್: ಗೊಂದಲ ಆಗುತ್ತದೆ. ಸುಲಭವಾಗಿ ಹೇಳಿ.

ಒಂದೇ ಪ್ರಶ್ನೆ ಕೇಳಿಕೊಳ್ಳಿ: ವೈನ್ ವಯಸ್ಸಾಗಿದ್ದು ಮರದಲ್ಲಾ, ಗಾಜಿನಲ್ಲಾ?

ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇದ್ದರೆ ಗಾಳಿ ಸ್ವಲ್ಪ ಸ್ವಲ್ಪವೇ ತಾಗಿ ಕೆಂಪು ಹೋಗಿ ಕಂದು ಬರುತ್ತದೆ. ಒಣಹಣ್ಣು, ಬಾದಾಮಿ, ಕಾಸಿದ ಸಕ್ಕರೆಯ ಪರಿಮಳ. ಇದು ಟಾನಿ. ಬಾಟಲಿ ಮೇಲಿನ 10, 20, 30, 40 ವರ್ಷ ಎಂಬುದು ಆ ವಯಸ್ಸಿನ ಗುಣ ಬಂದಿರುವ ಮಿಶ್ರಣ ಎಂದು ತೋರಿಸುತ್ತದೆ. ಒಂದೇ ವರ್ಷದ ಟಾನಿಗೆ ಕೊಲ್ಯೇಟಾ ಎಂದು ಹೆಸರು.

ಬೇಗ ಬಾಟಲಿಗೆ ಬಂದರೆ ಕೆಂಪು, ಹಣ್ಣಿನ ರುಚಿ, ಒಗರು ಉಳಿಯುತ್ತವೆ. ರೂಬಿ ಎಳೆಯದು, ಕೊಂಡ ಕೂಡಲೇ ಕುಡಿಯುವಂಥದ್ದು. ಎಲ್‌ಬಿವಿ, ಅಂದರೆ ಲೇಟ್ ಬಾಟಲ್ಡ್ ವಿಂಟೇಜ್, ಒಂದೇ ವರ್ಷದ್ದು, ನಾಲ್ಕರಿಂದ ಆರು ವರ್ಷ ಪೀಪಾಯಿಯಲ್ಲಿ ಕಳೆದು ಬರುತ್ತದೆ. ವಿಂಟೇಜ್ ಎಲ್ಲಕ್ಕಿಂತ ಬೇಗ ಬಾಟಲಿಗೆ ಹೋಗಿ, ಎಲ್ಲಕ್ಕಿಂತ ನಿಧಾನವಾಗಿ ಹಣ್ಣಾಗುತ್ತದೆ.

ಗ್ರಹಾಮ್ಸ್, ಡೌಸ್, ವಾರೆ ಎಲ್ಲಾ ಒಂದೇ ಮನೆಯವರದ್ದಾದರೆ ರುಚಿಯೂ ಒಂದೇನಾ?

ಅಲ್ಲ. ತೋಟಗಳೇ ಬೇರೆ ಬೇರೆ. ಗ್ರಹಾಮ್ಸ್ ತುಂಬು ಮೈಯ, ಹೆಚ್ಚು ಸಿಹಿಯ ವೈನ್. ಡೌಸ್ ಸಿಹಿ ಕಡಿಮೆ, ಸ್ವಲ್ಪ ಬಿಗಿ. ವಾರೆ ಹೂವಿನ ಪರಿಮಳದ ಕಡೆ. ಡೌಸ್ 2011ರ ವಿಂಟೇಜ್‌ಗೆ ಅಮೆರಿಕದ ವೈನ್ ಸ್ಪೆಕ್ಟೇಟರ್ ಪತ್ರಿಕೆ 2014ರಲ್ಲಿ ವರ್ಷದ ವೈನ್ ಪಟ್ಟ ಕೊಟ್ಟಿತು. ನನಗೆ ಮಾತ್ರ ಗ್ರಹಾಮ್ಸ್ ಇಷ್ಟ. ಪೋರ್ಟ್ ಕುಡಿಯುವುದಾದರೆ ಸಿಹಿಗೆ ನಾಚಿಕೆ ಯಾಕೆ?

ಗ್ರಹಾಮ್ಸ್‌ನಲ್ಲಿ ವಿಶೇಷ ಬಾಟಲಿಗಳು ಯಾವುವು?

ಸಿಕ್ಸ್ ಗ್ರೇಪ್ಸ್ ದಿನಬಳಕೆಯ ಒಳ್ಳೆಯ ರೂಬಿ. ಹಿಂದೆ ಗೋದಾಮಿನಲ್ಲಿ ಪೀಪಾಯಿಗಳ ಮೇಲೆ ದ್ರಾಕ್ಷಿಯ ಗುರುತು ಹಾಕಿ ಗುಣಮಟ್ಟ ತೋರಿಸುತ್ತಿದ್ದರು. ಆರು ದ್ರಾಕ್ಷಿ ಇದ್ದರೆ ಅತ್ಯುತ್ತಮ.

ಸ್ಟೋನ್ ಟೆರೇಸಸ್ ಎಂಬುದು ಮಾಲ್ವೆಡೋಸ್‌ನ ಹಳೆಯ ಕಲ್ಲುಕಟ್ಟೆಗಳ ಮೇಲಿನ ಪುಟ್ಟ ತುಂಡುಗಳಿಂದ ಮಾಡುವ ವಿಂಟೇಜ್, ಮೊದಲು ಬಂದಿದ್ದು 2011ರ ಕೊಯ್ಲಿನಿಂದ. ತೀರಾ ಕಡಿಮೆ.

ಇನ್ನು ‘ನೆ ಉಬ್ಲಿ’. ಆಂಡ್ರ್ಯೂ ಸಿಮಿಂಗ್ಟನ್ ತಾವು ಪೋರ್ಟೊಗೆ ಬಂದ 1882ನೇ ವರ್ಷದ ವೈನ್ ಇದ್ದ ಮೂರು ಪೀಪಾಯಿಗಳನ್ನು 1920ರ ದಶಕದಲ್ಲಿ ಕೊಂಡಿಟ್ಟಿದ್ದರು. ಮಕ್ಕಳು ಮುಟ್ಟಲಿಲ್ಲ, ಮೊಮ್ಮಕ್ಕಳೂ ಮುಟ್ಟಲಿಲ್ಲ. 2014ರಲ್ಲಿ ಅದರಲ್ಲಿ ಒಂದು ಪೀಪಾಯಿಯನ್ನು 656 ಗಾಜಿನ ಹೂಜಿಗಳಿಗೆ ತುಂಬಿ ಮಾರಿದರು. ಹೆಸರು ಮಾತ್ರ ಗ್ರಹಾಂ ಮನೆತನದ ಧ್ಯೇಯವಾಕ್ಯ: ಮರೆಯಬೇಡ.

ವಿಂಟೇಜ್ ಬಾಟಲಿಯನ್ನು ಎಷ್ಟು ವರ್ಷ ಇಡಬೇಕು? ಬೆಂಗಳೂರಿನ ಮನೆಯಲ್ಲಿ ಇಡಬಹುದಾ?

ಹದಿನೈದು ಇಪ್ಪತ್ತು ವರ್ಷಕ್ಕೆ ತೆರೆದುಕೊಳ್ಳುತ್ತದೆ, ಒಳ್ಳೆಯ ವರ್ಷದ್ದು ಐವತ್ತು ದಾಟಿದರೂ ಗಟ್ಟಿ. ತೀರಾ ಎಳೆಯದನ್ನೂ ಕುಡಿಯಬಹುದು, ಮೊದಲ ಕೆಲವು ವರ್ಷ ಹಣ್ಣಿನ ರುಚಿ ಚಿಮ್ಮುತ್ತಿರುತ್ತದೆ. ನಡುವಿನ ವರ್ಷಗಳಲ್ಲಿ ಮಂಕಾಗುತ್ತದೆ.

ಇಡಲು 12ರಿಂದ 15 ಡಿಗ್ರಿ, ಕತ್ತಲು, ಬಾಟಲಿ ಮಲಗಿಸಿ. ಬೆಂಗಳೂರಿನ ಬೇಸಿಗೆ ಇದಕ್ಕೆ ಆಗುವುದಿಲ್ಲ. ಮಂಗಳೂರು, ಕಲಬುರಗಿ ಮಾತೇ ಬೇಡ. ವೈನ್ ಫ್ರಿಜ್ ಇಲ್ಲದವರು ವಿಂಟೇಜ್ ಕೂಡಿಡುವ ಆಸೆ ಬಿಟ್ಟು ಟಾನಿ ತರುವುದೇ ಲೇಸು. ಟಾನಿ ಬೆಳೆಯಬೇಕಾದ್ದೆಲ್ಲ ಬೆಳೆದೇ ಬಂದಿರುತ್ತದೆ.

ಬಾಟಲಿಯ ತಳದಲ್ಲಿ ಗಷ್ಟು ಇದೆ. ಕೆಟ್ಟಿದೆಯಾ?

ಇಲ್ಲ, ವಿಂಟೇಜ್ ಪೋರ್ಟ್ ಸೋಸದೆ ತುಂಬುವುದರಿಂದ ಗಷ್ಟು ಇರಲೇಬೇಕು. ಕುಡಿಯುವ ಹಿಂದಿನ ದಿನ ಬಾಟಲಿ ನೇರ ನಿಲ್ಲಿಸಿ. ಕಾರ್ಕ್ ಮೆಲ್ಲಗೆ ತೆಗೆದು, ಕತ್ತಿನ ಕೆಳಗೆ ದೀಪ ಹಿಡಿದು, ನಿಲ್ಲಿಸದೆ ಒಂದೇ ಧಾರೆಯಲ್ಲಿ ಹೂಜಿಗೆ ಬಗ್ಗಿಸಿ. ಗಷ್ಟು ಕತ್ತಿಗೆ ಬಂದಾಗ ನಿಲ್ಲಿಸಿ. ಹಳೆಯ ಕಾರ್ಕ್ ಪುಡಿಯಾದರೆ ತೆಳುವಾದ ಮಲ್ ಬಟ್ಟೆ ಸಾಕು.

ತೆರೆದ ಮೇಲೆ ಎಷ್ಟು ದಿನ ಚೆನ್ನಾಗಿರುತ್ತದೆ?

ವಿಂಟೇಜ್ ಎರಡು ಮೂರು ದಿನ. ರೂಬಿ, ಎಲ್‌ಬಿವಿ ಒಂದು ವಾರ ಹತ್ತು ದಿನ. ಟಾನಿ ಫ್ರಿಜ್‌ನಲ್ಲಿಟ್ಟರೆ ತಿಂಗಳು.

ಏನು ಜೊತೆ ತಿನ್ನಬೇಕು?

ಬ್ರಿಟಿಷರು ಸ್ಟಿಲ್ಟನ್ ಎಂಬ ನೀಲಿ ಚೀಸ್ ಬಿಟ್ಟರೆ ಬೇರೆ ಹೆಸರೇ ಹೇಳುವುದಿಲ್ಲ. ಉಪ್ಪು ಮತ್ತು ಸಿಹಿ ಸೇರುವುದು ಅದರ ಗುಟ್ಟು. ನಮ್ಮ ತಿಂಡಿಗಳ ಜೊತೆ ಒಂದು ನಿಯಮ ನೆನಪಿಡಿ: ತಿಂಡಿ ವೈನ್‌ಗಿಂತ ಸಿಹಿ ಇರಬಾರದು. ಮೈಸೂರು ಪಾಕ್ ಜೊತೆ ಯಾವ ಪೋರ್ಟ್ ಕೊಟ್ಟರೂ ಹುಳಿ ನೀರಿನ ಹಾಗೆ ಅನ್ನಿಸುತ್ತದೆ. ಹುರಿದ ಗೋಡಂಬಿ, ಅಕ್ರೋಟು, ಅಂಜೂರದ ಜೊತೆ ತಣ್ಣಗಿನ ಟಾನಿ ಬಹಳ ಚೆನ್ನ. ವಿಂಟೇಜ್‌ಗೆ ಕಹಿ ಚಾಕೊಲೇಟ್. ಖಾರದ ಊಟದ ಜೊತೆ ಬೇಡ. ಅಷ್ಟು ಆಲ್ಕೋಹಾಲ್ ಇರುವಾಗ ಖಾರ ಇನ್ನೂ ಉರಿಯುತ್ತದೆ.

ಸಸ್ಯಾಹಾರಿಗಳು ಕುಡಿಯಬಹುದಾ?

ಕೆಲವು ವೈನ್‌ಗಳನ್ನು ತಿಳಿ ಮಾಡಲು ಮೊಟ್ಟೆಯ ಬಿಳಿ ಅಥವಾ ಜೆಲಾಟಿನ್ ಬಳಸುವುದುಂಟು. ಸೋಸದೆ ತುಂಬುವ ವಿಂಟೇಜ್‌ನಲ್ಲಿ ಸಾಮಾನ್ಯವಾಗಿ ಈ ಕೆಲಸ ಇರುವುದಿಲ್ಲ. ಕಟ್ಟುನಿಟ್ಟಿನವರು ಉಳಿದ ಬಗೆಗಳಿಗೆ ಲೇಬಲ್ ನೋಡಿಯೇ ಕೊಳ್ಳಿ.

ಪೋರ್ಟ್ ಬಾಟಲಿ ಎಡಗಡೆಗೇ ದಾಟಿಸಬೇಕಂತೆ?

ಅದು ಬ್ರಿಟಿಷ್ ಊಟದ ಮೇಜಿನ ಪದ್ಧತಿ. ಹೂಜಿ ಎಡಗಡೆಯವರಿಗೆ ಹೋಗುತ್ತಾ ಸುತ್ತು ಬರಬೇಕು. ಯಾರಾದರೂ ತಮ್ಮ ಮುಂದೆಯೇ ಇಟ್ಟುಕೊಂಡು ಕೂತರೆ, ‘ನಿಮಗೆ ನಾರ್ವಿಚ್ ಬಿಷಪ್ ಗೊತ್ತಾ?’ ಎಂದು ಕೇಳುತ್ತಾರೆ. ಅರ್ಥ: ಹೂಜಿ ದಾಟಿಸಪ್ಪ.

ಗೋದಾಮು ನೋಡಲು ಹೋಗಬಹುದಾ?

ಹೋಗಬಹುದು. ಗ್ರಹಾಮ್ಸ್ ಲಾಡ್ಜ್ 1890ರಲ್ಲಿ ಗಾಯಾದ ಗುಡ್ಡದ ಮೇಲೆ ಕಟ್ಟಿದ್ದು, ಸಾಲು ಸಾಲು ಪೀಪಾಯಿಗಳ ನಡುವೆ ಕರೆದೊಯ್ದು ಕೊನೆಗೆ ರುಚಿ ತೋರಿಸುತ್ತಾರೆ. ಮೊದಲೇ ಬುಕ್ ಮಾಡಿ. ಸಾಧ್ಯವಾದರೆ ಅಲ್ಲಿಗೆ ನಿಲ್ಲಿಸದೆ ಪೋರ್ಟೊದಿಂದ ಡೋರೊ ರೈಲು ಹತ್ತಿ. ಪಿನ್ಯಾವ್ ದಾಟಿ ಟುವಾ ತನಕ ಹಳಿ ನದಿಯ ಅಂಚಿನಲ್ಲೇ ಹೋಗುತ್ತದೆ, ಹೋಗುವಾಗ ಬಲಗಡೆ ಕಿಟಕಿ ಹಿಡಿಯಿರಿ.

ಮೊದಲ ಸಲ ಕೊಳ್ಳುವವರು ಯಾವುದು ಕೊಳ್ಳಬೇಕು?

ನೇರವಾಗಿ ವಿಂಟೇಜ್ ಬೇಡ. 20 ವರ್ಷದ ಟಾನಿ ಒಂದು, ಎಲ್‌ಬಿವಿ ಒಂದು ತಂದು ಪಕ್ಕಪಕ್ಕದಲ್ಲಿಟ್ಟು ಕುಡಿದು ನೋಡಿ. ಮರ ಇಷ್ಟವಾ, ಗಾಜು ಇಷ್ಟವಾ ಗೊತ್ತಾಗುತ್ತದೆ. ಗಾಜು ಅನ್ನಿಸಿದರೆ ಮುಂದಿನದ್ದು ಮಾಲ್ವೆಡೋಸ್. ಭಾರತದಲ್ಲಿ ಆಮದು ಸುಂಕದಿಂದ ಬೆಲೆ ಜಾಸ್ತಿ, ಆಯ್ಕೆ ಕಡಿಮೆ. ವಿದೇಶದಿಂದ ಬರುವವರು ಯಾರಾದರೂ ಇದ್ದರೆ ಹೇಳಿ ತರಿಸಿಕೊಳ್ಳಿ. ಒಬ್ಬರಿಗೆ 2 ಲೀಟರ್ ತನಕ ಸುಂಕ ಇಲ್ಲ, ಅಂದರೆ 750 ಎಂಎಲ್‌ನ ಎರಡು ಬಾಟಲಿ ಆರಾಮವಾಗಿ ಬರುತ್ತವೆ.